ಭೋಗ್ಯದ ಮನೆ, ಸಾಲದ ಮನೆ: ಉತ್ತರಹಳ್ಳಿಯ ಒಂದು ಫ್ಲ್ಯಾಟಿನ ಪ್ರಕರಣ

ಇಲ್ಲಿ ದಾಖಲಿಸುತ್ತಿರುವುದು ನನ್ನ ಅಕ್ಕನ ಸಂಸಾರದಲ್ಲಿ 2021ರಿಂದ 2023ರವರೆಗೆ ನಡೆದ ಸಂಗತಿ. ಅವಳ ಒಪ್ಪಿಗೆ ಪಡೆದು, ಅವಳು ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಜೋಡಿಸಿಟ್ಟಿರುವ ಕಾಗದಪತ್ರಗಳನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಮನೆಯ ಮಾಲೀಕರು, ದಲ್ಲಾಳಿ, ಸಾಲ ಕೊಟ್ಟ ಹಣಕಾಸು ಸಂಸ್ಥೆ ಇವರ್ಯಾರ ಹೆಸರನ್ನೂ ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಭೋಗ್ಯಕ್ಕೆ ಮನೆ ಹಿಡಿಯಲು ಹೊರಟವರು ಹಣ ಎಣಿಸಿ ಕೊಡುವ ಮೊದಲು ಇದನ್ನು ಓದಲಿ ಎಂಬುದಷ್ಟೇ ನನ್ನ ಉದ್ದೇಶ.

ಅಕ್ಕ, ಭಾವ ಮತ್ತು ಇಬ್ಬರು ಮಕ್ಕಳು ಹನುಮಂತನಗರದ ವಠಾರವೊಂದರಲ್ಲಿ ಹನ್ನೊಂದು ವರ್ಷ ಬಾಡಿಗೆಗೆ ಇದ್ದರು. ಮಗಳು ಹೈಸ್ಕೂಲಿಗೆ ಬಂದ ಮೇಲೆ ಒಂದೇ ಕೋಣೆಯಲ್ಲಿ ನಾಲ್ವರು ಮಲಗುವುದು, ಅಲ್ಲೇ ಓದುವುದು, ಅಲ್ಲೇ ಅಕ್ಕನ ಹೊಲಿಗೆ ಯಂತ್ರವನ್ನೂ ಇಟ್ಟುಕೊಳ್ಳುವುದು ಕಷ್ಟವಾಯಿತು. ಅದೇ ಸಮಯಕ್ಕೆ ತಿಪಟೂರಿನಲ್ಲಿದ್ದ ಪಿತ್ರಾರ್ಜಿತ ಸೈಟು ಮಾರಾಟವಾಗಿ ಭಾವನ ಪಾಲಿಗೆ ಹದಿನೈದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಹಣ ಬಂತು. ಅದು ಮಗಳ ಮುಂದಿನ ಓದಿಗೆಂದು ತೆಗೆದಿಡಬೇಕಾದ ಹಣ, ಖರ್ಚು ಮಾಡುವಂತಿರಲಿಲ್ಲ. ಬ್ಯಾಂಕಿನಲ್ಲಿ ಇಟ್ಟರೆ ಆಗ ಬರುತ್ತಿದ್ದದ್ದು ಸುಮಾರು ಶೇಕಡಾ 5ರ ಬಡ್ಡಿ. ಇಂಥ ಸ್ಥಿತಿಯಲ್ಲಿರುವ ಮಧ್ಯಮ ವರ್ಗದ ಮನೆಗೆ ಭೋಗ್ಯ, ಅಂದರೆ ನಗರದವರು ಲೀಸ್ ಎನ್ನುವ ಪದ್ಧತಿ, ದೇವರೇ ತೋರಿಸಿದ ದಾರಿಯಂತೆ ಕಾಣುತ್ತದೆ. ಒಂದು ದೊಡ್ಡ ಮೊತ್ತವನ್ನು ಮಾಲೀಕರ ಕೈಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸವಿದ್ದು, ಬಿಡುವ ದಿನ ಪೂರ್ತಿ ಗಂಟನ್ನು ಬಡ್ಡಿಯಿಲ್ಲದೆ ವಾಪಸು ಪಡೆಯುವುದು. "ಬಾಡಿಗೆಯೂ ಉಳಿಯಿತು, ದುಡ್ಡೂ ಉಳಿಯಿತು" ಎಂಬ ದಲ್ಲಾಳಿಯ ಮಾತನ್ನು ಅಕ್ಕ ಅಂದು ನನಗೆ ಫೋನಿನಲ್ಲಿ ಹೇಳಿದಾಗ ನಾನೂ ಹೂಂಗುಟ್ಟಿದ್ದೆ.

ಕೋವಿಡ್‌ನ ಎರಡನೇ ಅಲೆ ಇಳಿದಿದ್ದ 2021ರ ಆಗಸ್ಟ್ ತಿಂಗಳದು. ಊರಿಗೆ ಹೋದವರು ಇನ್ನೂ ಮರಳಿರಲಿಲ್ಲ. ಬೀದಿಬೀದಿಯಲ್ಲೂ ಟು-ಲೆಟ್ ಬೋರ್ಡುಗಳು ತೂಗುತ್ತಿದ್ದವು. ಉತ್ತರಹಳ್ಳಿಯ ನಾಲ್ಕು ಮಹಡಿಯ ಸಣ್ಣ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು ಸಿಕ್ಕಿತು. ಪೂರ್ವಕ್ಕೆ ಬಾಲ್ಕನಿ, ಅಡುಗೆಮನೆಗೆ ಹೊಂದಿಕೊಂಡು ಬಟ್ಟೆ ಒಗೆಯುವ ಜಾಗ, ಹೊಲಿಗೆ ಯಂತ್ರಕ್ಕೆ ಹೇಳಿ ಮಾಡಿಸಿದಂಥ ಕಿಟಕಿಯ ಮೂಲೆ. ಅದೇ ಕಟ್ಟಡದಲ್ಲಿ ಅಷ್ಟೇ ದೊಡ್ಡ ಮನೆಗೆ ತಿಂಗಳಿಗೆ 16,000 ರೂಪಾಯಿ ಬಾಡಿಗೆ ಇತ್ತು. ಭೋಗ್ಯದ ಮೊತ್ತ 14 ಲಕ್ಷ, ಅವಧಿ ಮೂರು ವರ್ಷ, ದಲ್ಲಾಳಿಗೆ ಶೇಕಡಾ 1.

ಕಾಗದಪತ್ರ ನೋಡದೆ ಹಣ ಕೊಟ್ಟರೆಂದು ಅಕ್ಕ-ಭಾವನನ್ನು ಯಾರೂ ಆಡಿಕೊಳ್ಳುವಂತಿಲ್ಲ. ಅವರು ಕೇಳಿದ್ದರು. ದಲ್ಲಾಳಿ ಕ್ರಯಪತ್ರದ ಜೆರಾಕ್ಸ್ ಕೊಟ್ಟ, ತೆರಿಗೆ ರಸೀತಿ ಕೊಟ್ಟ, ಋಣಭಾರ ಪ್ರಮಾಣಪತ್ರ ಅಂದರೆ ಇ.ಸಿ.ಯ ಜೆರಾಕ್ಸನ್ನೂ ಕೊಟ್ಟ. ಆ ಇ.ಸಿ. ಈಗ ನನ್ನ ಮುಂದೆ ಇದೆ. ಉಪನೋಂದಣಾಧಿಕಾರಿ ಕಚೇರಿಯ ಮೊಹರು ಸ್ಪಷ್ಟವಾಗಿದೆ. ಅದರಲ್ಲಿ ಯಾವ ಸಾಲದ ನಮೂದೂ ಇಲ್ಲ. ಆದರೆ ಮೇಲ್ಭಾಗದಲ್ಲಿ, ಆಸ್ತಿಯ ವಿವರದ ಹತ್ತಿರ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಹುಡುಕಲಾಗಿದೆ ಎಂಬ ಸಾಲೊಂದಿದೆ, ಮತ್ತು ಅದು 2017ರ ಮಾರ್ಚ್ 31ಕ್ಕೆ ನಿಲ್ಲುತ್ತದೆ. ಮಾಲೀಕರು ಆ ಫ್ಲ್ಯಾಟನ್ನು ಕೊಂಡದ್ದೇ 2018ರಲ್ಲಿ. ಅಂದರೆ ಅವರು ಕೊಳ್ಳುವ ಮುಂಚೆ ತಮ್ಮ ಸಮಾಧಾನಕ್ಕೆ ತೆಗೆಸಿದ್ದ ಇ.ಸಿ.ಯನ್ನೇ ನಮ್ಮ ಸಮಾಧಾನಕ್ಕೂ ಕೊಟ್ಟಿದ್ದರು. ಇ.ಸಿ. ಎಂಬುದು ಕೇಳಿದ ಅವಧಿಗೆ ಮಾತ್ರ ಉತ್ತರ ಹೇಳುವ ದಾಖಲೆ. ಅದರಾಚೆ ಏನಾಯಿತೆಂದು ಅದಕ್ಕೆ ಗೊತ್ತಿಲ್ಲ. ಎರಡು ವರ್ಷಗಳ ಬಳಿಕ ನಾವೇ ಅರ್ಜಿ ಹಾಕಿ ಅಂದಿನವರೆಗಿನ ಇ.ಸಿ. ತೆಗೆಸಿದಾಗ, 2018ರ ಕ್ರಯದ ನಮೂದಿನ ಮುಂದಿನ ಸಾಲಿನಲ್ಲೇ 28 ಲಕ್ಷ ರೂಪಾಯಿಗೆ ಹಕ್ಕುಪತ್ರಗಳನ್ನು ಒತ್ತೆಯಿಟ್ಟ ದಾಖಲೆ ನಿಂತಿತ್ತು.

ಮೂಲ ಕ್ರಯಪತ್ರವನ್ನು ತೋರಿಸಿ ಎಂದು ಭಾವ ಕೇಳಿದ್ದಕ್ಕೆ ಮಾಲೀಕರು, "ಬ್ಯಾಂಕ್ ಲಾಕರಿನಲ್ಲಿದೆ ಸರ್, ಈ ಕೋವಿಡ್ ಗಲಾಟೆಯಲ್ಲಿ ಹೋಗಿ ತರೋದು ಕಷ್ಟ" ಎಂದಿದ್ದರು. ಆ ಮಾತನ್ನು ಅಂದು ಯಾರಾದರೂ ನಂಬುತ್ತಿದ್ದರು.

ಕರಾರು 200 ರೂಪಾಯಿಯ ಬಾಂಡ್ ಪೇಪರಿನಲ್ಲಿ ಆಯಿತು; ನೋಟರಿಯ ಮೊಹರು ಬಿತ್ತು; ನೋಂದಣಿ ಆಗಲಿಲ್ಲ. ಹತ್ತು ಲಕ್ಷ ಆರ್‌ಟಿಜಿಎಸ್ ಮೂಲಕ ಹೋಯಿತು. ಉಳಿದ ನಾಲ್ಕು ಲಕ್ಷವನ್ನು ತೆರಿಗೆಯ ಕಾರಣ ಹೇಳಿ ನಗದಾಗಿ ಕೇಳಿದರು, ಕರಾರಿನಲ್ಲಿ ಹತ್ತನ್ನು ಮಾತ್ರ ಬರೆಸಿದರು. ನಾಲ್ಕು ಲಕ್ಷಕ್ಕೆ ಇರುವ ದಾಖಲೆ ಎಂದರೆ ಒಂದು ಡೈರಿಯ ಹಾಳೆ: ಮೇಲೆ ಅಚ್ಚಾದ ಯಾವುದೋ ಹಳೆಯ ತಾರೀಖು, ಕೆಳಗೆ ಮೂರು ಸಾಲಿನ ಕೈಬರಹ, ರೆವಿನ್ಯೂ ಸ್ಟಾಂಪಿನ ಮೇಲೆ ಹಾದುಹೋದ ಒಂದು ಸಹಿ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ಒಬ್ಬರಿಂದ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದಲೇ ನಿಷೇಧಿಸಿತ್ತು ಎಂಬುದು ನಮಗೆ ತಿಳಿದದ್ದು ಆಮೇಲೆ.

ಭೋಗ್ಯ ಎಂಬ ಮಾತು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಭಾವನ ತಂದೆ ಒಮ್ಮೆ ಪಕ್ಕದ ಊರಿನವರ ಅರ್ಧ ಎಕರೆ ತೋಟವನ್ನು ಭೋಗ್ಯಕ್ಕೆ ಹಿಡಿದಿದ್ದರು. ಆಗ ಕೊಟ್ಟವರಿಗೂ ಪಡೆದವರಿಗೂ ಅದು ಸಾಲ ಎಂಬುದು ಗೊತ್ತಿತ್ತು: ಹಣ ಕೊಟ್ಟವನು ಸಾಲದಾತ, ತೋಟ ಆಧಾರ, ಬಡ್ಡಿಯ ಬದಲು ಫಸಲು. ಪತ್ರ ನೋಂದಣಿಯಾಗಿತ್ತು, ಪಹಣಿಯ ಋಣದ ಕಲಮಿನಲ್ಲಿ ಅವರ ಹೆಸರು ಏರಿತ್ತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮು ಸ್ವಾಧೀನ ಕೊಟ್ಟು ಮಾಡುವ ಇಂಥ ಅಡಮಾನವನ್ನು ಗುರುತಿಸುತ್ತದೆ, ಮತ್ತು ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತದ ಇಂಥ ಅಡಮಾನ ಇಬ್ಬರು ಸಾಕ್ಷಿಗಳ ಸಹಿಯಿರುವ ನೋಂದಾಯಿತ ಪತ್ರದಿಂದಲೇ ಆಗಬೇಕೆಂದು 59ನೇ ಕಲಮು ಹೇಳುತ್ತದೆ. ಅದೇ ಪದ ಹಳ್ಳಿಯಿಂದ ನಗರಕ್ಕೆ ಬರುವಾಗ ಆಧಾರವೆಂಬ ಅದರ ಅರ್ಧ ಅರ್ಥ ದಾರಿಯಲ್ಲೇ ಉದುರಿಹೋಗಿದೆ. ಬೆಂಗಳೂರಿನಲ್ಲಿ ಭೋಗ್ಯದವನು ತನ್ನನ್ನು ಬಾಡಿಗೆ ಕೊಡಬೇಕಿಲ್ಲದ ಬಾಡಿಗೆದಾರ ಎಂದುಕೊಳ್ಳುತ್ತಾನೆ. ನಿಜದಲ್ಲಿ ಅವನು ಮಾಲೀಕನಿಗೆ ಲಕ್ಷಗಟ್ಟಲೆ ಸಾಲ ಕೊಟ್ಟವನು, ಅದೂ ಆಧಾರವಿಲ್ಲದ ಸಾಲ.

ಸಾಲವೆಂದು ನೋಡಿದ ಕೂಡಲೇ ಲೆಕ್ಕ ಬೇರೆಯಾಗಿ ಕಾಣುತ್ತದೆ. ತಿಂಗಳಿಗೆ 16,000ದಂತೆ ವರ್ಷಕ್ಕೆ 1,92,000 ರೂಪಾಯಿ ಬಾಡಿಗೆಯನ್ನು ಮಾಲೀಕರು ಬಿಟ್ಟುಕೊಡುತ್ತಿದ್ದರು. ಹದಿನಾಲ್ಕು ಲಕ್ಷಕ್ಕೆ ಅದು ಶೇಕಡಾ 13.7ರ ಬಡ್ಡಿಯಾಯಿತು. ಅದೇ ವರ್ಷ ಗೃಹಸಾಲ ಶೇಕಡಾ 7ರ ಆಸುಪಾಸಿನಲ್ಲಿ ಸಿಗುತ್ತಿತ್ತು. ಕೈಯಲ್ಲಿ ಫ್ಲ್ಯಾಟು ಇರುವ ಮನುಷ್ಯ, ಏಳಕ್ಕೆ ಸಾಲ ಸಿಗುವ ಊರಿನಲ್ಲಿ, ಹದಿನಾಲ್ಕರ ಹತ್ತಿರದ ಬಡ್ಡಿಗೆ ಯಾಕೆ ಹಣ ಎತ್ತುತ್ತಾನೆ? ಏಳಕ್ಕೆ ಕೊಡುವವರು ಅವನಿಗೆ ಇನ್ನು ಕೊಡುವುದಿಲ್ಲ ಎಂಬುದೇ ಬಹಳ ಸಲ ಇದಕ್ಕೆ ಉತ್ತರ. ಎಲ್ಲ ಮಾಲೀಕರೂ ಹಾಗಲ್ಲ. ಮಗಳ ಮದುವೆಗೆ, ಮೇಲಿನ ಮಹಡಿ ಎತ್ತುವುದಕ್ಕೆ ಭೋಗ್ಯದ ಹಣ ಪಡೆದು ಮಾತಿನಂತೆ ತಿರುಗಿಸಿದ ಸಾವಿರಾರು ಜನರಿದ್ದಾರೆ, ಅವರಿಂದಲೇ ಈ ಪದ್ಧತಿ ಉಳಿದಿದೆ. ಆದರೆ ಹಣ ಯಾಕೆ ಬೇಕು ಎಂಬ ಪ್ರಶ್ನೆಯನ್ನು ಸಾಲ ಕೊಡುವ ಯಾರೇ ಆದರೂ ಮೊದಲು ಕೇಳುತ್ತಾರೆ. ನಾವು ಕೇಳಲಿಲ್ಲ.

ನಮ್ಮ ಮಾಲೀಕರಿಗೆ ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪು ಇತ್ತು. ಲಾಕ್‌ಡೌನಿನಲ್ಲಿ ಆರ್ಡರುಗಳು ನಿಂತು ಕಂತುಗಳು ಬಾಕಿಯಾದವು. ಫ್ಲ್ಯಾಟು ಖಾಲಿ ಮಾಡಿ ತಾವು ಹೆಂಡತಿಯ ತವರಿಗೆ ಸೇರಿಕೊಂಡು, ಭೋಗ್ಯದ ಹಣದಿಂದ ವರ್ಕ್‌ಶಾಪನ್ನು ಮೇಲೆತ್ತಿ ಕಂತು ಕಟ್ಟುವ ಯೋಚನೆ ಅವರದು. ಅವರು ಮೊದಲ ದಿನದಿಂದಲೇ ಮೋಸಕ್ಕೆ ಇಳಿದವರೆಂದು ನನಗೆ ಅನಿಸುವುದಿಲ್ಲ. ಸಾಲವಿದೆ ಎಂಬುದನ್ನು ಮಾತ್ರ ಅವರು ಬಚ್ಚಿಟ್ಟರು, ಅದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಮೊದಲ ವರ್ಷ ಸುಖವಾಗಿಯೇ ಕಳೆಯಿತು. ಅಕ್ಕ ತಿಂಗಳಿಗೆ 2,000 ರೂಪಾಯಿ ಮೇಂಟೆನೆನ್ಸ್ ಕೊಡುತ್ತಿದ್ದಳು. 2022ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಹೊಸದು ಕೊರೆಸಲು ಸಂಘದವರು ಪ್ರತಿ ಮಾಲೀಕರಿಂದ ಪಾಲು ಕೇಳಿದಾಗ, ನಮ್ಮ ಮಾಲೀಕರು ಇವತ್ತು ನಾಳೆ ಎನ್ನುತ್ತಾ ಕೊನೆಗೂ ಕೊಡಲಿಲ್ಲ. ಅದು ಮೊದಲ ಸೂಚನೆ. ಎರಡನೆಯದು ಅಂಚೆಯಲ್ಲಿ ಬಂತು. ಮಾಲೀಕರು ಸಾಲಪತ್ರದಲ್ಲಿ ಈ ಫ್ಲ್ಯಾಟಿನ ವಿಳಾಸವನ್ನೇ ಕೊಟ್ಟಿದ್ದರಿಂದ ಅವರ ಹೆಸರಿಗೆ ರಿಜಿಸ್ಟರ್ಡ್ ಅಂಚೆಯ ಕಂದು ಲಕೋಟೆಗಳು ಇಲ್ಲಿಗೇ ಬರುತ್ತಿದ್ದವು. ಬೇರೆಯವರ ಕಾಗದ ಒಡೆಯಬಾರದೆಂಬ ಸಭ್ಯತೆಯಿಂದ ಅಕ್ಕ ಅವರಿಗೆ ಫೋನ್ ಮಾಡುತ್ತಿದ್ದಳು. ಅವರು ಬಂದು ತೆಗೆದುಕೊಂಡು ಹೋಗುತ್ತಿದ್ದರು. 2023ರ ಫೆಬ್ರವರಿಯಲ್ಲಿ ಹಾಗೆ ಒಯ್ದ ದಪ್ಪನೆಯ ಲಕೋಟೆಯಲ್ಲಿ ಇದ್ದದ್ದು ಸರ್ಫೇಸಿ ಕಾಯ್ದೆ, 2002 (ಬಾಕಿ ಬಿದ್ದ ಸಾಲಕ್ಕೆ ಅಡಮಾನದ ಆಸ್ತಿಯನ್ನು ಸಾಲ ಕೊಟ್ಟವರೇ ವಶಕ್ಕೆ ಪಡೆದು ಮಾರಲು ಬಿಡುವ ಕಾನೂನು), ಅದರ 13(2)ನೇ ಕಲಮಿನ ನೋಟಿಸು: ಅರವತ್ತು ದಿನದೊಳಗೆ ಪೂರ್ತಿ ಬಾಕಿ ಕಟ್ಟದಿದ್ದರೆ ಆಸ್ತಿಯನ್ನು ವಶಕ್ಕೆ ಪಡೆಯಲಾಗುವುದು ಎಂಬ ಎಚ್ಚರಿಕೆ.

ಜೂನ್ ತಿಂಗಳ ಒಂದು ಮಧ್ಯಾಹ್ನ ಇಬ್ಬರು ಬಂದು, ಅಕ್ಕನ ಕಣ್ಣೆದುರಿಗೇ, ಬಾಗಿಲ ತೋರಣದ ಕೆಳಗೆ ಸ್ವಾಧೀನದ ನೋಟಿಸನ್ನು ಅಂಟಿಸಿ, ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡು ಹೋದರು. ಅವಳು ಹೊಲಿಯುತ್ತಿದ್ದ ರವಿಕೆಯನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದು ಅದನ್ನು ಓದಿದಳಂತೆ. ಅದೇ ವಾರ ಅದು ಕನ್ನಡ ಪತ್ರಿಕೆಯೊಂದರಲ್ಲೂ ಅಚ್ಚಾಯಿತು; ನಿಯಮದ ಪ್ರಕಾರ ಎರಡು ಪತ್ರಿಕೆಗಳಲ್ಲಿ, ಅದರಲ್ಲೊಂದು ಸ್ಥಳೀಯ ಭಾಷೆಯದರಲ್ಲಿ, ಪ್ರಕಟಿಸಲೇಬೇಕು. ಶಾಲೆಯಿಂದ ಬಂದ ಮಗ ಬಾಗಿಲಲ್ಲೇ ನಿಂತು ಕೂಡಿಸಿ ಕೂಡಿಸಿ ಓದಿ, "ಅಮ್ಮ, ನಮ್ಮನೆ ಯಾರದು?" ಎಂದು ಕೇಳಿದ.

ಬಾಡಿಗೆಯ ಮನೆಗೂ ಭೋಗ್ಯದ ಮನೆಗೂ ಇರುವ ವ್ಯತ್ಯಾಸ ಆ ರಾತ್ರಿ ಸ್ಪಷ್ಟವಾಯಿತು. ಬಾಡಿಗೆಯವನಾಗಿದ್ದರೆ ಮುಂದಿನ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡು ಬೇರೆ ಮನೆ ನೋಡಬಹುದಿತ್ತು. ಇಲ್ಲಿ ಮುರಿದುಕೊಳ್ಳಲು ಬಾಡಿಗೆಯೇ ಇಲ್ಲ. ಹದಿನಾಲ್ಕು ಲಕ್ಷಕ್ಕೆ ಅವರ ಕೈಯಲ್ಲಿದ್ದ ಹಿಡಿತ ಆ ಬಾಗಿಲಿನ ಬೀಗದಕೈ ಒಂದೇ. ಮನೆ ಬಿಟ್ಟರೆ ಅದೂ ಹೋಗುತ್ತದೆ, ಇದ್ದರೆ ಯಾವತ್ತು ಹೊರಹಾಕುತ್ತಾರೋ ಗೊತ್ತಿಲ್ಲ.

ಕಟ್ಟಡದ ಕೆಲವರು, ಬಾಗಿಲು ಹಾಕಿಕೊಂಡು ಕುಳಿತುಬಿಡಿ, ಯಾರೂ ಏನೂ ಮಾಡಲಾರರು ಎಂದರು. ಇದು ಒಳ್ಳೆಯ ಮನಸ್ಸಿನಿಂದ ಕೊಟ್ಟ ಕೆಟ್ಟ ಸಲಹೆ. ಸರ್ಫೇಸಿಯ 14ನೇ ಕಲಮಿನಡಿ ಸಾಲ ಕೊಟ್ಟ ಸಂಸ್ಥೆ ಮ್ಯಾಜಿಸ್ಟ್ರೇಟರ ಆದೇಶ ಪಡೆದು ಪೊಲೀಸರ ನೆರವಿನಿಂದ ಮನೆ ಖಾಲಿ ಮಾಡಿಸಬಹುದು. ಪೊಲೀಸ್ ಠಾಣೆಯಲ್ಲಿ ನಮ್ಮ ದೂರನ್ನು ಓದಿ, ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಎಂದರು. ವಕೀಲರು ಹೇಳಿದ್ದನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಭೋಗ್ಯದ ಮನೆಗಳಲ್ಲಿ ಇರುವವರಿಗೆ ಇದು ಗೊತ್ತೇ ಇರುವುದಿಲ್ಲ. ಬಾಡಿಗೆದಾರರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಿಕೊಳ್ಳಲು ಸರ್ಫೇಸಿಯ 2016ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆದರೆ ಅಡಮಾನದ ಷರತ್ತಿಗೆ ವಿರುದ್ಧವಾದ ಅಥವಾ ಸ್ವತ್ತು ವರ್ಗಾವಣೆ ಕಾಯ್ದೆಯ 65ಎ ಕಲಮಿಗೆ ವಿರುದ್ಧವಾದ ಗೇಣಿಗೆ, ಅಂದರೆ ಬಾಡಿಗೆ ಅಥವಾ ಲೀಸ್ ಕರಾರಿಗೆ, ಅಲ್ಲಿ ರಕ್ಷಣೆಯಿಲ್ಲ. ಆ 65ಎ ಹೇಳುವುದೇನೆಂದರೆ, ಅಡಮಾನದಲ್ಲಿರುವ ಆಸ್ತಿಯನ್ನು ಮಾಲೀಕ ಬಾಡಿಗೆಗೆ ಕೊಡಬಹುದು, ಆದರೆ ನ್ಯಾಯವಾಗಿ ಸಿಗಬಹುದಾದ ಒಳ್ಳೆಯ ಬಾಡಿಗೆಗೇ ಕೊಡಬೇಕು, ಮುಂಗಡವಾಗಿ ಇಡಿಗಂಟು ಪಡೆಯಬಾರದು, ಬಾಡಿಗೆಯನ್ನು ಮುಂಚಿತವಾಗಿ ವಸೂಲು ಮಾಡಬಾರದು. ಇಡಿಗಂಟು ಪಡೆದು ಬಾಡಿಗೆ ಬಿಡುವುದೇ ಭೋಗ್ಯ. ಜೊತೆಗೆ ಒಂದು ವರ್ಷ ಮೀರಿದ ಗೇಣಿ ನೋಂದಣಿಯಾಗಿರಲೇಬೇಕು. ನಮ್ಮದು ಮೂರು ವರ್ಷದ್ದು, ಬಾಂಡ್ ಪೇಪರಿನದು. ನ್ಯಾಯಮಂಡಳಿಗೆ ಹೋದರೆ ಸ್ವಲ್ಪ ಕಾಲಾವಕಾಶ ಸಿಗಬಹುದು, ಹಣ ಸಿಗುವುದಿಲ್ಲ ಎಂದು ಅವರು ನೇರವಾಗಿ ಹೇಳಿದರು. ಆ ನೇರ ಮಾತಿಗೆ ನಾನು ಇವತ್ತಿಗೂ ಕೃತಜ್ಞ.

ದಾರಿಯೂ ಅವರ ಮಾತಿನಿಂದಲೇ ಹೊಳೆಯಿತು. ಹರಾಜಿನಲ್ಲಿ ಬಂದ ಹಣದಲ್ಲಿ ಸಾಲ ತೀರಿ ಮಿಕ್ಕರೆ ಅದು ಮಾಲೀಕನಿಗೆ ಸೇರುತ್ತದೆ. ಆದರೆ ಹರಾಜಿನಲ್ಲಿ ಬೆಲೆ ಬೀಳುತ್ತದೆ; ಮಿಗುವುದು ಕಡಿಮೆ. ಅದಕ್ಕೆ ಮುಂಚೆ ಮಾಲೀಕರೇ ಖಾಸಗಿಯಾಗಿ ಮಾರಿದರೆ? ಸಾಲದ ಬಾಕಿ, ಬಡ್ಡಿ ಮತ್ತು ಖರ್ಚು ಸೇರಿ, 30,40,000ಕ್ಕೆ ಬಂದಿತ್ತು. ಅದೇ ಕಟ್ಟಡದ ನಿವಾಸಿಯೊಬ್ಬರ ತಮ್ಮ ಅಲ್ಲೇ ಫ್ಲ್ಯಾಟು ಹುಡುಕುತ್ತಿದ್ದರು. ಮಾಲೀಕರನ್ನು ಹಿಡಿಯಲು ಭಾವ ಮತ್ತು ನಾನು ಮೂರು ಶನಿವಾರ ಪೀಣ್ಯಕ್ಕೆ ಹೋದೆವು. ಮೂರನೆಯ ಸಲ ಅವರು ಮುಚ್ಚಿದ್ದ ವರ್ಕ್‌ಶಾಪಿನ ಶಟರು ಅರ್ಧ ಎತ್ತಿ, ಒಳಗೆ ಕುರ್ಚಿ ಹಾಕಿ ಕೂರಿಸಿ, ಕಣ್ಣು ತುಂಬಿಕೊಂಡು, "ನಾನೂ ಮಕ್ಕಳೊಂದಿಗ ಸರ್, ನಿಮ್ಮ ದುಡ್ಡು ತಿನ್ನಬೇಕು ಅಂತ ಇರಲಿಲ್ಲ" ಎಂದರು. ಭಾವ ಕೂಗಾಡಲಿಲ್ಲ. ಮಾರಾಟಕ್ಕೆ ಒಪ್ಪಿ, ಉಳಿದದ್ದು ನಿಮ್ಮ ಹೆಸರನ್ನೂ ಉಳಿಸುತ್ತದೆ ಎಂದಷ್ಟೇ ಹೇಳಿದರು.

ಹಣಕಾಸು ಸಂಸ್ಥೆಯ ಶಾಖೆಯಲ್ಲಿ, ಸಾಲಗಾರನೇ ಬಂದು ಬರೆದುಕೊಟ್ಟ ಮೇಲೆ, ಪೂರ್ತಿ ಬಾಕಿ ಬಂದರೆ ಮೂಲಪತ್ರ ಬಿಡುತ್ತೇವೆಂದು ಪತ್ರ ಕೊಟ್ಟರು. ಮಾಲೀಕರು, ಕೊಳ್ಳುವವರು, ಅಕ್ಕ ಮೂವರೂ ಸಹಿ ಹಾಕಿದ ತ್ರಿಪಕ್ಷೀಯ ಕರಾರು ಆಗಸ್ಟಿನಲ್ಲಿ ಆಯಿತು. ಬೆಲೆ 41 ಲಕ್ಷ. ಸೆಪ್ಟೆಂಬರಿನಲ್ಲಿ ಉಪನೋಂದಣಾಧಿಕಾರಿ ಕಚೇರಿಯ ಜನಜಂಗುಳಿಯ ನಡುವೆ ಡಿಮ್ಯಾಂಡ್ ಡ್ರಾಫ್ಟುಗಳು ಕೈಬದಲಾದವು: ಸಂಸ್ಥೆಗೆ 30,40,000, ಅಕ್ಕನಿಗೆ 10,00,000, ಉಳಿದ 60,000ದಲ್ಲಿ ಸಂಘದ ಬಾಕಿಯೂ ಬೋರ್‌ವೆಲ್ಲಿನ ಪಾಲೂ ತೀರಿತು. ಡೈರಿ ಹಾಳೆಯ ನಾಲ್ಕು ಲಕ್ಷಕ್ಕೆ ಮಾಲೀಕರು ಎರಡು ಲಕ್ಷ ಮಾತ್ರ ಒಪ್ಪಿ, ಐವತ್ತು ಸಾವಿರದ ನಾಲ್ಕು ಚೆಕ್ಕು ಕೊಟ್ಟರು. ಎರಡು ಪಾಸಾದವು, ಎರಡು ವಾಪಸಾದವು. ವಾಪಸಾದವಕ್ಕೆ ಮೂವತ್ತು ದಿನದೊಳಗೆ ನೋಟಿಸು ಕಳಿಸಿ ದೂರು ದಾಖಲಿಸಿದ್ದೇವೆ.

ಒಟ್ಟು ಹದಿನಾಲ್ಕರಲ್ಲಿ ಹನ್ನೊಂದು ಲಕ್ಷ ಬಂತು. ಎರಡು ವರ್ಷ ಉಳಿದ ಬಾಡಿಗೆ 3,84,000, ಬ್ಯಾಂಕಿನಲ್ಲಿ ಬರಬಹುದಾಗಿದ್ದ ಬಡ್ಡಿ ಸುಮಾರು 1,40,000. ಕಳೆದು ಕೂಡಿ ನೋಡಿದರೆ ನಷ್ಟ 56,000 ರೂಪಾಯಿ ಮತ್ತು ವಕೀಲರ ಶುಲ್ಕ. ಇದನ್ನು ಕೇಳಿದ ಕೆಲವರು, ಇಷ್ಟೇನಾ ಎನ್ನುತ್ತಾರೆ. ಕಟ್ಟಡದಲ್ಲೇ ಕೊಳ್ಳುವವರು ಸಿಗದಿದ್ದರೆ, ಮಾಲೀಕರು ಫೋನೇ ಎತ್ತದ ಮನುಷ್ಯರಾಗಿದ್ದರೆ, ಫ್ಲ್ಯಾಟಿನ ಬೆಲೆ ಸಾಲಕ್ಕಿಂತ ಕಡಿಮೆಯಾಗಿದ್ದರೆ ಹದಿನಾಲ್ಕೂ ಹೋಗುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅಕ್ಕ ಲಿಫ್ಟಿನ ಸದ್ದಾದಾಗಲೆಲ್ಲ ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದಳು.

ಈ ಮನೆಯನ್ನು ಮತ್ತೆ 2021ರಲ್ಲಿ ಹಿಡಿಯುವುದಾದರೆ ಏನು ಮಾಡುತ್ತಿದ್ದೆವು ಎಂದು ನಾವು ಎಷ್ಟೋ ಸಲ ಕೂತು ಮಾತಾಡಿದ್ದೇವೆ. ಕರಾರನ್ನು ನೋಂದಾಯಿಸಿದ್ದರೆ ಸಾಕಿತ್ತು ಎನ್ನುವವರಿದ್ದಾರೆ, ನನಗೆ ಹಾಗನಿಸುವುದಿಲ್ಲ. ನೋಂದಣಿ ಅಗತ್ಯ, ಅದಕ್ಕೆ ಬೀಳುವ ಮುದ್ರಾಂಕ ಶುಲ್ಕ ಹೆಚ್ಚಾದರೂ ಅಗತ್ಯ. ಆದರೆ 2018ರ ಅಡಮಾನ ನಮ್ಮದಕ್ಕಿಂತ ಮೊದಲಿನದು, ಮೊದಲು ಬಂದವರ ಹಕ್ಕೇ ಮೇಲು. ಇಲ್ಲಿ ಕೆಲಸಕ್ಕೆ ಬರುತ್ತಿದ್ದದ್ದು ಸಾಲವಿದೆ ಎಂಬ ತಿಳಿವಳಿಕೆ. ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕೊಡಬಾರದಿತ್ತು. ಮೂಲಪತ್ರ ತೋರಿಸಲಾಗದ ಮನೆಯ ಮೇಲೆ ಸಾಲವಿದೆ ಎಂದೇ ಹಿಡಿಯಬೇಕು. ಇ.ಸಿ.ಯನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನಾವೇ, ಅಂದಿನ ದಿನಾಂಕದವರೆಗೆ, ತೆಗೆಸಬೇಕಿತ್ತು. ಹಕ್ಕುಪತ್ರ ಒತ್ತೆಯಿಟ್ಟು ಪಡೆಯುವ ಸಾಲಗಳು ಕೆಲವು ಸಲ ಇ.ಸಿ.ಯಲ್ಲಿ ಕಾಣುವುದೇ ಇಲ್ಲ. ಅದಕ್ಕಾಗಿ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಿದೆ, ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು.

ಸಾಲವಿದೆ ಎಂದು ತಿಳಿದ ಮೇಲೂ ಮನೆ ಬೇಕೇ ಬೇಕೆನಿಸಿದರೆ ಒಂದು ದಾರಿ ಇತ್ತು. ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆದು, ಹದಿನಾಲ್ಕು ಲಕ್ಷವನ್ನು ಮಾಲೀಕರ ಕೈಗೆ ಕೊಡದೆ ನೇರವಾಗಿ ಅವರ ಸಾಲದ ಖಾತೆಗೇ ಕಟ್ಟಬಹುದಿತ್ತು. ಆಗ ಸಾಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದು, ಆ ಕಂತನ್ನು ಮಾಲೀಕರು ಕಟ್ಟುವಂತಾಗುತ್ತಿತ್ತು. ಕಟ್ಟದೆ ಹೋಗಿ ಮನೆ ಮಾರಾಟವಾದರೂ ಭೋಗ್ಯದ ಹಣಕ್ಕೆ ಸಾಕಾಗುವಷ್ಟು ಉಳಿಯುತ್ತಿತ್ತು. ಇದಕ್ಕೆ ಒಪ್ಪದ ಮಾಲೀಕರ ಮನೆಯನ್ನು ಬಿಟ್ಟುಬಿಡಬೇಕು, ಬಾಲ್ಕನಿ ಎಷ್ಟೇ ಚೆನ್ನಾಗಿರಲಿ. ನಗದಿನ ಮಾತು ಬಂದ ಕೂಡಲೇ ಎದ್ದು ಬರಬೇಕು. ನಮ್ಮ ಪ್ರಕರಣದಲ್ಲಿ ಕೈಬಿಟ್ಟುಹೋದದ್ದು ನಗದಾಗಿ ಕೊಟ್ಟ ಭಾಗವೇ.

ಅಕ್ಕ ಈಗ ಪದ್ಮನಾಭನಗರದ ಎರಡನೇ ಮಹಡಿಯ ಮನೆಯಲ್ಲಿದ್ದಾಳೆ. ತಿಂಗಳಿಗೆ 19,000 ಬಾಡಿಗೆ, ಐದು ತಿಂಗಳ ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು, ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಮುರಿಯುವಂತಿಲ್ಲ ಎಂಬ ಸಾಲನ್ನು ಅವಳೇ ಸೇರಿಸಿದ್ದಾಳೆ. ಹನ್ನೊಂದು ಲಕ್ಷದಲ್ಲಿ ಅಡ್ವಾನ್ಸಿಗೆ ಹೋದದ್ದು ಬಿಟ್ಟು ಉಳಿದದ್ದೆಲ್ಲ ಮಗಳ ಹೆಸರಿನಲ್ಲಿ ಬ್ಯಾಂಕಿನಲ್ಲಿದೆ. ಹೊಲಿಗೆ ಯಂತ್ರಕ್ಕೆ ಈ ಮನೆಯಲ್ಲಿ ಕಿಟಕಿಯ ಮೂಲೆ ಸಿಗಲಿಲ್ಲ. ಹಗಲಲ್ಲೂ ದೀಪ ಹಾಕಿಕೊಂಡು ಹೊಲಿಯುತ್ತಾಳೆ.